ಒಂದು ದಿನ = ___ ಗಂಟೆ

1

ಎಲ್ಲಿಂದ ಶುರು ಮಾಡಲಿ?

ಶೋಕಿಗೆ ಕೇಳುತ್ತಿಲ್ಲ. ಈ ಬಗೆಯ ಕಥೆಗಳು ಹೀಗೆ ಕೇಳಿಕೊಂಡೇ ಶುರುವಾಗುತ್ತವೆ, ಅದನ್ನು ಓದಿದ ಕೂಡಲೇ ನೀವು ಪುಟ ಮಗುಚುತ್ತೀರಿ, ಎರಡೂ ನನಗೆ ಗೊತ್ತು. ಆದರೆ ನನ್ನ ತೊಂದರೆ ನಿಜವಾದದ್ದು. ಮೊದಲ ವಾಕ್ಯದಲ್ಲಿ 'ಒಂದು ದಿನ' ಎಂಬ ಮಾತು ಬರಲೇಬೇಕು. ಕಥೆ ಹೇಳುವವರು ಎಷ್ಟೋ ಕಾಲದಿಂದ 'ಒಂದು ದಿನ ಏನಾಯಿತಪ್ಪಾ ಅಂದರೆ' ಎಂದು ಶುರು ಮಾಡಿ, ಆ ದಿನಕ್ಕೆ ಎಷ್ಟು ಗಂಟೆ ಎಂದು ಯಾರಿಗೂ ಹೇಳದೆ ಪಾರಾಗಿದ್ದಾರೆ. ನನ್ನ ಕಥೆಯ ಜಗಳವೇ ಅದರ ಮೇಲಿರುವುದರಿಂದ ನನಗೆ ಆ ದಾರಿ ಇಲ್ಲ.

ಮೊದಲ ಕರಡು: 'ಸೀಸಿಯಂ ಪರಮಾಣುವಿನ ಕಂಪನಗಳನ್ನು ಎಣಿಸಿ ಸೆಕೆಂಡನ್ನು ನಿರ್ಧರಿಸುತ್ತಾರೆ. ಅಂಥ ಮೂರು ಸಾವಿರದ ಆರುನೂರು ಸೆಕೆಂಡುಗಳು ಸೇರಿದರೆ...' (ಬಿ.ಎಸ್ಸಿ. ಮಾಡಿದವರು ಕಥೆ ಬರೆಯಲು ಕೂತರೆ ಹೀಗೇ ಆಗುವುದು. ಹರಿದು ಹಾಕಿದೆ. ನಿಜವೆಂದರೆ ಡಿಲೀಟ್ ಒತ್ತಿದೆ. ಹರಿದು ಹಾಕಿದೆ ಎಂದರೆ ಸ್ವಲ್ಪ ತೂಕ ಬರುತ್ತದೆ.)

ಎರಡನೆಯ ಕರಡು: 'ಬೆಳಿಗ್ಗೆ ಅಣ್ಣ ಕಣ್ಣು ಬಿಟ್ಟಾಗ ಲೋಕದ ಬಲಭಾಗಕ್ಕೆ ಕಪ್ಪು ಪರದೆ ಬಿದ್ದಿತ್ತು.' (ಚೆನ್ನಾಗಿದೆ. ಅತಿಯಾಗಿ ಚೆನ್ನಾಗಿದೆ. ಮೊದಲ ಸಾಲಿಗೇ ನಿಮ್ಮನ್ನು ಅಳಿಸಿಬಿಟ್ಟರೆ ಉಳಿದ ಪುಟಗಳಲ್ಲಿ ನಿಮ್ಮಿಂದ ಏನು ಮಾಡಿಸುವುದು?)

ಮೂರನೆಯದು ನಿಮ್ಮ ಕೈಯಲ್ಲಿದೆ. ಇದೂ ಕೈಕೊಟ್ಟರೆ ತಿಳಿಸುತ್ತೇನೆ.

2

ಆಸ್ಪತ್ರೆಗಳ ಬಟ್ಟೆ ಒಗೆಯುವ ಒಂದು ಕಾರ್ಖಾನೆ. ಕೆಳಗೆ ಮೆಷಿನ್ ಹಾಲ್. ಒದ್ದೆ ಚಾದರದ ಎರಡು ಮೂಲೆಗಳನ್ನು ಇಬ್ಬರು ಹಿಡಿದು ಬಿಸಿ ರೋಲರಿನ ಬಾಯಿಗೆ ಕೊಟ್ಟರೆ, ಅದು ಆಚೆ ಕಡೆಯಿಂದ ಹೊಸ ಕಾಗದದಂತೆ ಬರುತ್ತದೆ. ಮೇಲೆ, ಹಬೆ ಹಿಡಿದ ಗಾಜಿನ ಹಿಂದೆ, ಆಫೀಸು.

ಆಫೀಸಿನವರ ದಿನಕ್ಕೆ ಎಂಟು ಗಂಟೆ, ವಾರಕ್ಕೆ ಆರು ದಿನ. ರೋಲರಿನವರ ದಿನಕ್ಕೆ ಹನ್ನೆರಡು ಗಂಟೆ, ವಾರಕ್ಕೆ ನಾಲ್ಕು ದಿನ. ರೋಲರ್ ಬಿಸಿಯಾಗಲು ಹೊತ್ತು ಹಿಡಿಯುತ್ತದೆ. ಬಿಸಿಯಾದ ಮೇಲೆ ಬೇಗ ಆರಿಸಲು ಮಾಲೀಕರಿಗೆ ಮನಸ್ಸು ಬರುವುದಿಲ್ಲ, ಅದಕ್ಕೆ ಉದ್ದನೆಯ ಪಾಳಿ. ಕೂಡಿಸಿ ನೋಡಿದರೆ ಇಬ್ಬರಿಗೂ ವಾರಕ್ಕೆ ನಲವತ್ತೆಂಟು ಗಂಟೆ. ಇದರ ಮೇಲೆ ಯಾರೂ ಜಗಳವಾಡಿದ್ದಿಲ್ಲ. ಒಂದು ದಿನದ ರಜೆ ಎಂದರೆ ಅವರವರ ಒಂದು ಪಾಳಿ ಬರುವುದಿಲ್ಲ ಎಂದರ್ಥ. ಗಂಟೆ ಕೇಳಿದವರಿಲ್ಲ.

ಈಗ ಮಾಲೀಕರು ಸಂಬಳ ಮಾಡುವ ಸಾಫ್ಟ್‌ವೇರ್ ತಂದಿದ್ದಾರೆ. ಅದು ಕೇಳುತ್ತದೆ.

ಲೆಕ್ಕದ ಮೇಡಂ ಸೋಮವಾರ ಬೆಳಿಗ್ಗೆ ಅದರ ಮುಂದೆ ಕೂತರು. ಮೇಡಂ ಫಿಸಿಕ್ಸಿನಲ್ಲಿ ಎಂ.ಎಸ್ಸಿ. ಉತ್ತರದ ಪಕ್ಕದಲ್ಲಿ ಮೀಟರೋ ಕಿಲೋನೋ ಬರೆಯದಿದ್ದರೆ ಸೊನ್ನೆ ಕೊಡುತ್ತಿದ್ದ ಮೇಷ್ಟರ ಶಿಷ್ಯೆ. (ಈ ಕಥೆಯಲ್ಲಿ ವಿಜ್ಞಾನ ಓದಿದವರು ಇಬ್ಬರಾದೆವು. ಹೆಚ್ಚಾಯಿತು, ಗೊತ್ತು.) ಪರದೆಯ ಮೇಲೆ ಹೀಗಿತ್ತು:

ಒಂದು ದಿನ = ___ ಗಂಟೆ
ಒಂದು ತಿಂಗಳು = ___ ವಾರ
ಒಂದು ವರ್ಷ = ___ ವೇತನ ಅವಧಿ

ಕೆಳಗಿನಿಂದ ಮೇಲಕ್ಕೆ ತುಂಬಿದರು. ಹದಿನೈದು ದಿನಕ್ಕೊಮ್ಮೆ ಸಂಬಳ, ವರ್ಷಕ್ಕೆ ಇಪ್ಪತ್ತನಾಲ್ಕು ಅವಧಿ. ತಿಂಗಳಿಗೆ 4.33 ವಾರ. ನಾಲ್ಕು ಎಂದು ಹಾಕಿದರೆ ವರ್ಷದಲ್ಲಿ ಒಂದು ತಿಂಗಳಷ್ಟು ಕಾಲ ಗಾಳಿಗೆ ಹೋಗುತ್ತದೆ ಎಂದು ಮೇಡಂಗೆ ಗೊತ್ತಿತ್ತು, ಆ .33 ಬರೆಯುವಾಗ ಅವರಿಗೆ ಸಣ್ಣ ಖುಷಿಯಾಯಿತು.

ಉಳಿದದ್ದು ಮೊದಲ ಸಾಲು. ಅದರ ಪಕ್ಕದಲ್ಲಿ ಕೆಂಪಕ್ಷರದಲ್ಲಿ ಒಂದು ಸೂಚನೆ: 'ಇದು ಇಡೀ ಸಂಸ್ಥೆಗೆ ಅನ್ವಯಿಸುತ್ತದೆ. ಮೊದಲ ಸಂಬಳ ಪಾವತಿಯಾದ ಮೇಲೆ ಈ ವರ್ಷ ಬದಲಿಸಲಾಗದು.'

ಮೊದಲ ಸಂಬಳ ಶುಕ್ರವಾರ.

3

ಇಸ್ತ್ರಿಯಕ್ಕ ಬಂದದ್ದು ಆಗಲೇ. ರೋಲರಿಗೆ ಎಡಮೂಲೆ ಕೊಡುವವಳು ಇವಳೇ. ಕೈಗೆ ಮೊಣಕೈವರೆಗೆ ಪುಟ್ಟ ಪುಟ್ಟ ಸುಟ್ಟ ಗುರುತುಗಳು.

"ಮೇಡಂ, ನನ್ನ ರಜೆ ಎಷ್ಟಿದೆ ಸ್ವಲ್ಪ ನೋಡ್ತೀರಾ?"

"ಹನ್ನೆರಡು ದಿನ. ಒಂದೂ ಮುಟ್ಟಿಲ್ವಲ್ಲಕ್ಕಾ! ಯಾರ ಮದುವೆಗೆ ಅಂತ ಗಂಟು ಕಟ್ಟಿಟ್ಟಿದೀರಾ?"

"ಮದುವೆ ಎಲ್ಲಿಂದ ಬಂತು. ನಮ್ಮಣ್ಣನ ಕಣ್ಣಿಗೆ. ವಾರಕ್ಕೆ ನಾಲ್ಕು ಪಾಳಿ, ಮೂರು ವಾರ. ಹನ್ನೆರಡು. ಸರಿಹೋಯ್ತು ನೋಡಿ."

ಅಣ್ಣನ ಬಲಗಣ್ಣಿನ ಹಿಂದಿನ ಪೊರೆ, ಅಂದರೆ ರೆಟಿನಾ, ಕಿತ್ತುಕೊಂಡಿತ್ತು. ಬರುವ ಸೋಮವಾರ ಆಪರೇಷನ್. ಪೊರೆ ಅಂಟಿಸಿ, ಕಣ್ಣೊಳಗೆ ಒಂದು ಗಾಳಿಗುಳ್ಳೆ ಬಿಡುತ್ತಾರೆ. ಗುಳ್ಳೆ ಯಾವಾಗಲೂ ಮೇಲಕ್ಕೇ ಹೋಗುವುದು. ಅದು ಕಣ್ಣಿನ ಹಿಂಬದಿಯನ್ನು ಒತ್ತಿ ಹಿಡಿಯಬೇಕಾದರೆ ಮುಖ ಕೆಳಗಿರಬೇಕು. ವಿಜ್ಞಾನ ಇಷ್ಟೇ. ಉಳಿದದ್ದೆಲ್ಲ ಅಣ್ಣ.

"ಮೂರು ವಾರ ಬೋರಲು ಮಲಗಿರಬೇಕಂತೆ. ತಲೆ ಎತ್ತಿದ್ರೆ ಕಣ್ಣಿನ ಆಸೆ ಬಿಟ್ಟುಬಿಡಿ ಅಂದ್ರು ಡಾಕ್ಟ್ರು. ಎಡಗಣ್ಣು ಚಿಕ್ಕಂದಿನಿಂದಲೂ ಹೆಸರಿಗಷ್ಟೇ."

"ಏನು ಕೆಲಸ ಅವರದು?"

"ಕ್ರೇನು. ಇಪ್ಪತ್ತು ಮಹಡಿ ಮೇಲೆ ಕೂತ್ಕೊಂಡು ನಮ್ಮನ್ನೆಲ್ಲ ಇರುವೆ ಥರ ನೋಡ್ತಿದ್ದ. ಈಗ ನಿಜವಾದ ಇರುವೆ ನೋಡ್ಲಿ." ನಕ್ಕಳು. ಆಮೇಲೆ ನಗಲಿಲ್ಲ. "ಒಬ್ಬನ್ನೇ ಬಿಡೋ ಹಾಗಿಲ್ಲ ಮೇಡಂ. ಯಾರಾದ್ರೂ ಗದರಿಸೋಕೆ ಎದುರಿಗಿದ್ರೆ ಕೇಳ್ತಾನೆ. ಇಲ್ದಿದ್ರೆ ಎದ್ದು ಟೀವಿ ಹಾಕ್ತಾನೆ. ಅವನಿಗೆ ನಾನು, ನನಗೆ ಅವನು. ಇನ್ಯಾರಿದಾರೆ?"

ಮೇಡಂ ಮೊದಲ ಸಾಲಿನಲ್ಲಿ 8 ಎಂದು ಒತ್ತಿ ನೋಡಿದರು. ಇಸ್ತ್ರಿಯಕ್ಕನ ಹೆಸರಿನ ಮುಂದೆ ಬಂತು: ಉಳಿದ ರಜೆ 96 ಗಂಟೆ. ಪಾಳಿಗೆ ಹನ್ನೆರಡರಂತೆ ಎಂಟೇ ಪಾಳಿ. ಮೂರು ವಾರ ಹೋಗಿ ಎರಡು ವಾರವಾಯಿತು.

8 ಅಳಿಸಿ 12 ಒತ್ತಿದರು. ಅಕ್ಕನ ಮೂರು ವಾರ ವಾಪಸ್ ಬಂತು. ಜೊತೆಗೆ ಮೇಡಂ ಅವರದೇ ಹತ್ತು ದಿನದ ರಜೆ ಹದಿನೈದಾಗಿ ಕೂತಿತ್ತು.

ಮೇಡಂ ಆ ಹದಿನೈದನ್ನು ಸ್ವಲ್ಪ ಹೊತ್ತು ನೋಡಿದರು. (ಎಷ್ಟು ಹೊತ್ತು ಎಂದು ನನಗೆ ಗೊತ್ತು. ಅವರ ಮರ್ಯಾದೆ ಕಾಯಲು ಹೇಳುವುದಿಲ್ಲ.)

4

ಮಾಲೀಕರು ಟೀ ಕಪ್ಪು ಹಿಡಿದೇ ಬಂದರು.

"ಹನ್ನೆರಡು ಹಾಕಿದ್ರೆ ಆಫೀಸಿನವರಿಗೆಲ್ಲ ರಜೆ ಒಂದೂವರೆ ಪಟ್ಟು. ನಾನೊಬ್ಬ ಬರ್ಬೇಕು ಇಲ್ಲಿಗೆ. ಗೇಟು ಯಾರು ತೆಗೀತಾರೆ, ಅದನ್ನೂ ನಿಮ್ಮ ಸಾಫ್ಟ್‌ವೇರ್ ತೆಗೆಯುತ್ತಾ?"

"ನಮ್ಮದಲ್ಲ ಸಾರ್, ನೀವು ತಂದಿದ್ದು. ಎಂಟು ಹಾಕಿದ್ರೆ ಕೆಳಗಿನವರಿಗೆ ಮೋಸ."

"ಖಾಲಿ ಬಿಟ್ರೆ ಎಂಟು ಅಂತ ಅದೇ ತೋರಿಸುತ್ತಲ್ಲಮ್ಮ, ತಿಳಿ ಬಣ್ಣದಲ್ಲಿ."

"ಅದು ಉದಾಹರಣೆ ಸಾರ್."

"ಒಳ್ಳೆ ಉದಾಹರಣೆ. ಇಟ್ಕೊಳ್ಳಿ."

ಮೇಡಂ ಇಟ್ಟುಕೊಳ್ಳಲಿಲ್ಲ. ಸಹಾಯವಾಣಿಗೆ ಫೋನು ಹಚ್ಚಿ, ಒಂದೇ ಸಂಗೀತವನ್ನು ಹಲವು ಸಲ ಕೇಳಿ, ಕೊನೆಗೊಂದು ಹುಡುಗಿಯನ್ನು ಹಿಡಿದರು.

"ಎರಡು ಗುಂಪು ಮಾಡ್ಬಹುದು ಮೇಡಂ," ಎಂದಿತು ಆ ದನಿ. "ಒಂದಕ್ಕೆ ಎಂಟು, ಒಂದಕ್ಕೆ ಹನ್ನೆರಡು. ದುಡ್ಡೇನಿಲ್ಲ. ಆದ್ರೆ ಅದನ್ನ ನಾವೇ ಇಲ್ಲಿಂದ ಮಾಡಿಕೊಡ್ಬೇಕು. ಗುರುವಾರ ಮಧ್ಯಾಹ್ನ ಫೋನ್ ಮಾಡ್ಲಾ?"

"ಮಾಡಿ ಮಾರಾಯ್ತಿ. ಮರೀಬೇಡಿ."

ಮೇಡಂ ಸದ್ಯಕ್ಕಿರಲಿ ಎಂದು 8 ಹಾಕಿಟ್ಟು, ಕಿಟಕಿಯಿಂದ ಕೆಳಗೆ ಬಗ್ಗಿ ಇಸ್ತ್ರಿಯಕ್ಕನಿಗೆ ಹೆಬ್ಬೆರಳು ತೋರಿಸಿದರು. ಅಕ್ಕ ಚಾದರದ ಮೂಲೆ ಬಿಡದೆ ತಲೆಯಲ್ಲೇ ಸನ್ನೆ ಮಾಡಿದಳು.

ನೋಡಿದಿರಾ, ಎಲ್ಲ ಸುಸೂತ್ರ. ಇಂಥ ಕಥೆಯನ್ನು ಯಾರು ಓದುತ್ತಾರೆ?

4.33

(ಅಂಕಿ ನೋಡಿ ಗಾಬರಿಯಾಗಬೇಡಿ. ತಿಂಗಳಿಗೆ 4.33 ವಾರ ಇರಬಹುದಾದರೆ ಕಥೆಗೆ ಇಂಥದೊಂದು ಭಾಗ ಇದ್ದರೆ ತಪ್ಪೇನು?)

ಮಂಗಳವಾರ ಚಾದರ ಬಂತು, ಚಾದರ ಹೋಯಿತು. ಬುಧವಾರವೂ ಅದೇ ಎಂದು ನನಗೆ ಕಾಣುತ್ತಿತ್ತು. ನೀವು ಆಕಳಿಸಿದ್ದೂ ಕೇಳಿಸಿತು. ಕಥೆಗಾರರಿಗೆ ಇಂಥ ಹೊತ್ತಿನಲ್ಲಿ ಕೈಗೆಟುಕುವ ಒಂದು ಸಲಕರಣೆ ಇದೆ, ನಾನೂ ಅದನ್ನೇ ತೆಗೆದೆ. ಬರೆದೆ:

ಶುಕ್ರವಾರ ಬಂತು. ಸಂಬಳವಾಯಿತು.

ಎರಡು ವಾಕ್ಯ, ಮೂರು ಪದ. ಎಷ್ಟು ಚೊಕ್ಕಟ ಎಂದು ಬೆನ್ನು ತಟ್ಟಿಕೊಳ್ಳುವಷ್ಟರಲ್ಲಿ ಮೇಡಂ ಕುರ್ಚಿಯಿಂದ ಎದ್ದರು.

"ರೀ ಕಥೆಯವರೇ. ಗುರುವಾರ ಎಲ್ಲಿ?"

"ಕಳೆಯಿತಲ್ಲ ಮೇಡಂ."

"ಕಳೆಯಿತಾ, ಕಳೆದಿರಾ?"

"ಮಧ್ಯದಲ್ಲಿ ವಿಶೇಷವೇನೂ ಇರಲಿಲ್ಲ..."

"ಗುರುವಾರ ಮಧ್ಯಾಹ್ನ ಫೋನಿತ್ತು! ನೀವೇ ಬರೆದಿದ್ದು, ಮೇಲೆ ನೋಡಿ. ಆ ಹುಡುಗಿ ಫೋನ್ ಮಾಡೋಕೆ ಗುರುವಾರವೇ ಇಲ್ಲ ಅಂದ್ರೆ ಎಲ್ಲಿಗೆ ಮಾಡ್ತಾಳೆ?"

ಪರದೆ ನೋಡಿದೆ. 8ರ ಪಕ್ಕದಲ್ಲಿ ಒಂದು ಸಣ್ಣ ಬೀಗದ ಚಿತ್ರ ಬಂದಿತ್ತು.

5

ಹೆದರುವಂಥದ್ದೇನೂ ಇಲ್ಲ ಎಂದುಕೊಂಡೆ. ಆಗಲೇ ಎರಡು ಕರಡುಗಳನ್ನು ಅಳಿಸಿದ ಕೈ ಇದು. ಆ ಎರಡು ವಾಕ್ಯಗಳನ್ನು ಹೊಡೆದು ಹಾಕಿದರಾಯಿತು, ಬುಧವಾರದಿಂದ ಮತ್ತೆ ಶುರು. ಕೈ ಚಾಚಿದೆ.

ಮೆಷಿನ್ ಹಾಲಿನವರೆಲ್ಲ ಮೆಟ್ಟಿಲ ಮೇಲಿದ್ದರು. ಎಲ್ಲರಿಗಿಂತ ಮುಂದೆ ವ್ಯಾನ್ ಡ್ರೈವರ್.

"ಏನ್ ಸ್ವಾಮಿ, ಸಂಬಳ ಆದ ದಿನ ಅಳಿಸ್ತೀರಂತೆ?"

"ಎರಡೇ ವಾಕ್ಯ..."

"ನಿಮಗೆ ವಾಕ್ಯ. ನಾನು ಬೆಳಿಗ್ಗೆನೇ ಮಗಳ ಫೀಸ್ ಕಟ್ಟಿ ಬಂದೆ. ಅಳಿಸಿದ್ರೆ ಅವಳನ್ನ ಸ್ಕೂಲಿಂದ ಎಬ್ಬಿಸ್ತಾರೆ. ನೀವು ಹೋಗಿ ಹೇಳ್ತೀರಾ?"

"ನಾನು ಚಪ್ಪಲಿ ತಗೊಂಡೆ," ಎಂದಿತು ಹಿಂದಿನಿಂದ ಒಂದು ದನಿ. "ಹಾಕ್ಕೊಂಡೂ ಆಯ್ತು."

ಮಾಲೀಕರು ಮಾತ್ರ ನನ್ನ ಪರವಾಗಿದ್ದರು. "ಅಳಿಸಲಿ ಬಿಡ್ರಪ್ಪ, ಪಾಪ, ಅವರ ಕಥೆ," ಎಂದರು. ಅಲ್ಲಿಗೆ ನನ್ನ ಪಕ್ಷ ಪೂರ್ತಿ ನೆಲಕಚ್ಚಿತು.

ಕರಡಿಗೂ ಕಥೆಗೂ ಇರುವ ವ್ಯತ್ಯಾಸ ನನಗೆ ತಿಳಿದದ್ದು ಹೀಗೆ: ಒಳಗೆ ಜನ ಬಂದು ಕೂತ ಮೇಲೆ ಬಾಗಿಲು ಕಿತ್ತುಕೊಂಡು ಹೋಗಲಾಗುವುದಿಲ್ಲ. (ಇದು ಚೆನ್ನಾಗಿ ಕೇಳಿಸಿದರೆ ಅಡಿಗೆರೆ ಎಳೆದುಕೊಳ್ಳಿ. ಆಗ ಅಲ್ಲಿ ನಿಂತಿದ್ದ ನನಗೆ ಅಷ್ಟೇನೂ ಚೆನ್ನಾಗಿರಲಿಲ್ಲ.)

6

ಕೊನೆಯನ್ನಾದರೂ ಸರಿಮಾಡೋಣವೆಂದು ರೋಲರಿನ ಹತ್ತಿರ ಹೋದೆ. ಇಸ್ತ್ರಿಯಕ್ಕ ನನ್ನ ಕಡೆ ನೋಡಲಿಲ್ಲ. ಮೂಲೆ ಹಿಡಿ, ಜಾಡಿಸು, ಕೊಡು. ಮೂಲೆ ಹಿಡಿ, ಜಾಡಿಸು, ಕೊಡು.

"ಅಕ್ಕಾ, ಮೂರು ಮುಕ್ತಾಯ ತಂದಿದ್ದೀನಿ. ನಿಮಗೆ ಬೇಕಾದ್ದು ಆರಿಸಿಕೊಳ್ಳಿ."

"ಹೇಳಿ. ಕೈಗೆ ಕೆಲಸ ಇದೆ, ಕಿವಿ ಖಾಲಿ ಇದೆ."

(ಅ) ಮಾಲೀಕರ ಮನಸ್ಸು ಕರಗುತ್ತದೆ. ಅಕ್ಕನಿಗೆ ಒಂದು ವಾರ ಹೆಚ್ಚು ರಜೆ ಕೊಡುತ್ತಾರೆ.

ಮೇಲಿನ ಕಿಟಕಿಯಿಂದ ಮಾಲೀಕರೇ ಕೂಗಿದರು: "ಅದೆಲ್ಲ ಬೇಡಪ್ಪ. ಒಬ್ಬರಿಗೆ ಕೊಟ್ರೆ ನಾಳೆ ಎಲ್ಲರ ಅಣ್ಣಂದಿರಿಗೂ ಕಣ್ಣು ಮಂಜಾಗುತ್ತೆ. ಎರಡು ವಾರ ಆದ್ಮೇಲೆ ಕೆಲಸಕ್ಕೆ ಬರದೇ ಇದ್ರೆ ರೋಲರಿಗೆ ಬೇರೆಯವರು. ನನ್ನನ್ನ ಒಳ್ಳೆಯವನು ಮಾಡಿ ನನ್ನ ವ್ಯಾಪಾರ ಕೆಡಿಸ್ಬೇಡಿ."

(ಆ) ಜೊತೆಯವರು ತಮ್ಮ ರಜೆಯಿಂದ ಒಂದೊಂದು ದಿನ ಕಿತ್ತು ಅಕ್ಕನಿಗೆ ಕೊಡುತ್ತಾರೆ. ಎಲ್ಲರ ಕಣ್ಣಲ್ಲೂ ನೀರು.

"ಅವರ ರಜೆ ಅವರಿಗಿರ್ಲಿ," ಎಂದಳು ಅಕ್ಕ. "ಅವರ ಮನೆಯೋರಿಗೆ ಕಣ್ಣಿಲ್ವಾ, ಮಂಡಿ ಇಲ್ವಾ? ಅವರಿಗೂ ಬೇಕಾಗುತ್ತೆ."

(ಇ) ಇದು ನನ್ನ ಬ್ರಹ್ಮಾಸ್ತ್ರ. 'ಮೂರು ವಾರ ಕಳೆಯಿತು. ಅಣ್ಣ ತಲೆ ಎತ್ತಿ ತಂಗಿಯನ್ನು ನೋಡಿದ.'

ಅಕ್ಕನ ಕೈ ನಿಂತಿತು. ರೋಲರ್ ಬರಿಬಾಯಿಯಲ್ಲಿ ತಿರುಗುತ್ತಿತ್ತು. ಬಲಮೂಲೆ ಹಿಡಿದಿದ್ದವಳೂ ನನ್ನನ್ನೇ ನೋಡಿದಳು.

"ಮೂರನೇ ವಾರ ಅವನ ಹತ್ರ ಯಾರು ಕೂತಿದ್ರು?"

"ಕಳೆಯಿತು ಅಂತ..."

"ಕಳೀತು ಗೊತ್ತಾಯ್ತು. ಡ್ರಾಪ್ಸ್ ಯಾರು ಹಾಕಿದ್ರು? ನಿಮ್ಮ ವಾಕ್ಯ ಬಂದು ಹಾಕ್ತಾ? ರಾತ್ರಿ ಹೊರಳಿದ್ರೆ ಹಿಡ್ಕೊಳ್ಳೋಕೆ ನಾನಿರ್ತೀನಿ. ನಾನು ಪಾಳಿಗೆ ಬಂದಾಗ ಹಗಲೆಲ್ಲ ಯಾರು ಗದರಿಸ್ತಾರೆ?"

ನನ್ನ ವಾಕ್ಯ ಇನ್ನೂ ಗಾಳಿಯಲ್ಲಿತ್ತು, ನಾಚಿಕೆ ಬಿಟ್ಟು.

ಅಕ್ಕ ಮತ್ತೊಂದು ಚಾದರ ಎತ್ತಿಕೊಂಡಳು. ಜಾಡಿಸುವ ಮೊದಲು ಕೇಳಿದಳು: "ನಿಮಗೆ ಪಾಳಿ ಗೀಳಿ ಇದೆಯಾ?"

"ಇಲ್ಲ."

"ರಜೆ ಕೇಳೋಕೆ ಮಾಲೀಕ?"

"ಯಾರೂ ಇಲ್ಲ."

"ಮನೇಲಿ ಕೂತು ಬರೆಯೋದೇ ಕೆಲಸ. ಬೋರಲು ಮಲಗಿರೋರ ಹತ್ರ ಕೂತ್ಕೊಂಡೂ ಬರೀಬಹುದಲ್ಲ?"

"ಅಕ್ಕಾ, ನಾನು ಲೇಖಕನ ಸ್ಥಾನದಲ್ಲಿ ಇರುವುದರಿಂದ, ಪಾತ್ರಗಳ ಜೊತೆ..."

"ನಾಲ್ಕೇ ಪಾಳಿ," ಎಂದಳು. "ಬೆಳಿಗ್ಗೆ ಆರಕ್ಕೆ ಬಂದುಬಿಡಿ."

"ಸಂಜೆ ಎಷ್ಟು ಹೊತ್ತಿಗೆ... ಎಂಟು ಗಂಟೆ ಕೂತರೆ ಸಾಕಾ?"

ಬಲಮೂಲೆಯವಳು ಕಿಸಕ್ಕನೆ ನಕ್ಕಳು. ಅಕ್ಕ ನಗಲಿಲ್ಲ. "ಹನ್ನೆರಡು," ಎಂದಳು. "ಹೋಗಿ ಬರೋ ಹೊತ್ತು ಬೇರೆ."

7

ಮೊದಲ ಎರಡು ವಾರಗಳನ್ನು 'ಕಳೆಯಿತು' ಎಂದು ಬರೆಯಲು ನನಗೀಗ ಧೈರ್ಯವಿಲ್ಲ. ಪೂರ್ತಿ ಬರೆದರೆ ಓದಲು ನಿಮಗೆ ತಾಳ್ಮೆಯಿಲ್ಲ. ಆದ್ದರಿಂದ ಒಂದು ಮಧ್ಯಾಹ್ನವನ್ನಷ್ಟೇ ತೋರಿಸುತ್ತೇನೆ; ಉಳಿದವು ಇದ್ದವು ಎಂದು ನಂಬಿ, ಅವುಗಳನ್ನು ಯಾರೋ ಒಬ್ಬರು ಕೂತು ಕಳೆದಿದ್ದಾರೆ.

ಒಂದೇ ಕೋಣೆ. ಕಿಟಕಿಗೆ ಬೆಡ್‌ಶೀಟು ಕಟ್ಟಿದೆ. ಮಂಚದ ತಲೆದೆಸೆಗೆ ತಾಗಿಸಿ ಒಂದು ಸ್ಟೂಲು, ಅದರ ಮೇಲೆ ನಡುವೆ ತೂತಿರುವ ದಿಂಬು, ಆ ತೂತಿನಲ್ಲಿ ಅಣ್ಣನ ಮುಖ. ಸ್ಟೂಲಿನ ಹಲಗೆಯನ್ನೂ ಅಷ್ಟಗಲ ಕೊಯ್ದು ತೆಗೆದಿದ್ದಾರೆ. ಅಕ್ಕ ಅದರ ಕೆಳಗೆ ನೆಲದ ಮೇಲೆ ಅಂಗಾತ ಮಲಗಿ, ಕೈ ಮೇಲೆತ್ತಿ ಅವನಿಗೆ ಅನ್ನ ತಿನ್ನಿಸುತ್ತಿದ್ದಾಳೆ. ಮೂರರಲ್ಲಿ ಒಂದು ತುತ್ತು ಅವಳ ಮುಖಕ್ಕೇ ಬೀಳುತ್ತದೆ.

"ಬಾಯಿ ದೊಡ್ಡದಾಗಿ ತೆಗೆಯೋ. ಬೈಯೋವಾಗ ಎಷ್ಟಗಲ ತೆಗೀತೀಯ!"

"ನೀನು ಇಷ್ಟು ಹತ್ತಿರದಿಂದ ನಮ್ಮಮ್ಮನ ಥರಾನೇ ಕಾಣ್ತೀಯ ಕಣೇ."

"ಯಾವ ಕಣ್ಣಲ್ಲಿ?"

"ಹೆಸರಿಗಿರೋ ಕಣ್ಣಲ್ಲಿ."

"ಹಾಗಾದ್ರೆ ಸುಳ್ಳು. ತಿನ್ನು."

8

ಮೂರನೆಯ ವಾರ. ಬೆಳಿಗ್ಗೆ ಆರು. ಅಕ್ಕ ಬಾಗಿಲಲ್ಲೇ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದಳು.

"ಬಿಳಿ ಮುಚ್ಚಳದ ಡ್ರಾಪ್ಸ್ ನಾಲ್ಕು ಸಲ, ಹಳದಿದು ಎರಡು ಸಲ. ಹಾಕೋವಾಗ ಪಕ್ಕಕ್ಕೆ ತಿರುಗಿಸಿ, ಮೇಲಕ್ಕೆ ಬೇಡ. ಅಣ್ಣಾ, ಇವರೇ ನಮ್ಮ ಕಥೆ ಬರೆಯೋರು. ಹೇಳಿದ ಮಾತು ಕೇಳು."

"ಗುರುವಾರ ನುಂಗಿದೋರಾ?" ಎಂದಿತು ದಿಂಬು.

"ಅವರೇ." ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದಳು. "ಹೊತ್ತು ಹೋಗೋಕೆ ಕಥೆ ಹೇಳಿ. ಆದ್ರೆ ಮುಗಿಸ್ಬೇಡಿ. ಸಿನಿಮಾಕ್ಕೆ ಹೋದ್ರೂ ಅಷ್ಟೇ ಇವನು. ಮುಗಿಯೋ ವಾಸನೆ ಬಂದ್ರೆ ಸಾಕು, ಎಲ್ಲರಿಗಿಂತ ಮೊದಲು ಎದ್ದು ನಿಂತಿರ್ತಾನೆ. ಈಗ ಎದ್ದ ಅಂದ್ರೆ..." ಪೂರ್ತಿ ಹೇಳಲಿಲ್ಲ. ಪಾಳಿಗೆ ತಡವಾಗುತ್ತಿತ್ತು, ಹೋದಳು.

ಓದುಗರೇ, ನಾನು ಈ ಸಾಲುಗಳನ್ನು ಸ್ಟೂಲಿನ ಕೆಳಗೆ, ನೆಲದ ಮೇಲೆ ಅಂಗಾತ ಮಲಗಿ ಬರೆಯುತ್ತಿದ್ದೇನೆ. ಮೇಲುಗಡೆ ತೂತಿನಲ್ಲಿ ಒಂದು ಮುಖ. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ನನ್ನನ್ನು ಅಂದಾಜಿನ ಮೇಲೆ ನೋಡುತ್ತಿದೆ. ಗಡಿಯಾರ ಹತ್ತಕ್ಕೂ ಬಂದಿಲ್ಲ. ಇಷ್ಟು ಉದ್ದದ ಬೆಳಗನ್ನು ನಾನು ಇದುವರೆಗೆ ಬರೆದಿಲ್ಲ, ಓದಿಯೂ ಇಲ್ಲ.

ಮೇಡಂ, ಮಾಲೀಕರು, ಸಂಬಳ, ಎಲ್ಲವನ್ನೂ ಅವನಿಗೆ ಹೇಳಿಯಾಯಿತು.

"ಆಮೇಲೆ? ಆ ಮೇಡಂ ಏನು ಮಾಡಿದ್ರು?"

"ಮತ್ತೆ ಫೋನು ಹಚ್ಚಿದಾರೆ. ಬೀಗ ತೆಗೆಸ್ಬಹುದಾ ಅಂತ."

"ತೆಗೆದ್ರಾ?"

ಅವನ ಕತ್ತಿನ ನರ ಬಿಗಿಯಿತು. ಕೆನ್ನೆಗೂ ದಿಂಬಿಗೂ ನಡುವೆ ಒಂದು ಬೆರಳಿನಷ್ಟು ಸಂದು ಕಂಡಿತು. ವಾಸನೆ ಸಿಕ್ಕಿಬಿಟ್ಟಿತ್ತು.

ಹೌದು ಎಂದರೂ ಏಳುತ್ತಾನೆ, ಇಲ್ಲ ಎಂದರೂ ಏಳುತ್ತಾನೆ. ಉತ್ತರ ನಿಮಗೂ ಬೇಕು ಎಂದು ಗೊತ್ತು. ಕ್ಷಮಿಸಿ, ನಿಮಗೆ ಎರಡು ಕಣ್ಣಿವೆ.

"ಅದಿರ್ಲಿ ಅಣ್ಣಾ," ಎಂದೆ. "ಒದ್ದೆ ಚಾದರ ರೋಲರಿಗೆ ಹೇಗೆ ಕೊಡ್ತಾರೆ ಅಂತ ಗೊತ್ತಾ ನಿಮಗೆ? ನಿಮ್ಮ ತಂಗಿ ತೋರಿಸಿದ್ರು."

"ಅದರಲ್ಲಿ ಏನಾಗುತ್ತೆ?"

"ಏನೂ ಆಗಲ್ಲ."

ಅವನು ಯೋಚಿಸಿದ. ಸಂದು ನಿಧಾನವಾಗಿ ಮುಚ್ಚಿಕೊಂಡಿತು.

"ಹಾಗಾದ್ರೆ ಹೇಳಿ."

"ಮೊದಲು," ಎಂದೆ, "ಮೂಲೆ ಹುಡುಕ್ಬೇಕು. ಒದ್ದೆ ಬಟ್ಟೆಗೆ ಮೂಲೆ ಎಲ್ಲಿದೆ ಅಂತ ಗೊತ್ತಾಗೋದೇ ಇಲ್ಲ..."